ಬಾಗಿಲಿಗೆ ಫ್ಯಾನು ಕಟ್ಟಿದ ದಿನ

ಜುಲೈ. ಬ್ಯಾಲರಾಟಿನಲ್ಲಿ ಹಲ್ಲು ಕಟಕಟಿಸುವ ಬೆಳಗು.
ಡ್ಯಾರಿಲ್ ಬಂದ. ಮುಂಬಾಗಿಲ ಚೌಕಟ್ಟಿಗೆ
ಕೆಂಪು ಬಟ್ಟೆ ಬಿಗಿದು, ನಡುವೆ ಫ್ಯಾನು ಕೂರಿಸಿ
‘ಕಿಟಕಿಯೆಲ್ಲ ಮುಚ್ಚಿದ್ದೀರಷ್ಟೆ?’ ಎಂದ.
ಮುಚ್ಚಿದ್ದೆವು. ನೂರಿಪ್ಪತ್ತು ವರ್ಷದ ಹಲಗೆಮನೆ
ತನ್ನಿಂದಾದಷ್ಟು ಮುಚ್ಚಿಕೊಂಡು ನಿಂತಿತ್ತು.

ಫ್ಯಾನು ಮನೆಯ ಉಸಿರನ್ನು ಹೊರಗೆಳೆದದ್ದೇ ತಡ
ಸ್ವಿಚ್ಚಿನ ಹಿಂದಿನಿಂದ ಸುಂಯ್ ಎಂದಿತು,
ನೆಲದ ಸಂದಿಯಿಂದ ಬುಸ್ ಎಂದಿತು,
ನಾವು ಒಮ್ಮೆಯೂ ಹೊತ್ತಿಸದ ಅಗ್ಗಿಷ್ಟಿಕೆ
ಬಾಯಿ ತೆರೆದು ಒಂದು ಹಿಡಿ ಮಸಿಯನ್ನೂ
ಯಾವುದೋ ಹಕ್ಕಿಯ ಗರಿಯನ್ನೂ ಉಗುಳಿತು.

ಅವನ ಕೈಯಲ್ಲಿ ಊದುಬತ್ತಿಯಂಥ ಹೊಗೆಕಡ್ಡಿ.
ಆರತಿ ಎತ್ತಿದ ಹಾಗೆ ಮೂಲೆಮೂಲೆಗೂ ಹಿಡಿದ.
ನೆಟ್ಟಗೆ ಏಳಬೇಕಾದ ಹೊಗೆ
ಬೆಚ್ಚಿ ಪಕ್ಕಕ್ಕೆ ಹಾರಿತು.
ಹಾರಿದಲ್ಲೆಲ್ಲ ನೀಲಿ ಟೇಪಿನ ತುಂಡು;
ಮಧ್ಯಾಹ್ನದ ಹೊತ್ತಿಗೆ ಮನೆಗೆ ಮೈತುಂಬ ಸಿಡುಬು.

‘ಗಂಟೆಗೆ ಇಪ್ಪತ್ಮೂರು ಸಲ’ ಎಂದ.
ಫ್ಯಾನಿನ ಈ ಎಳೆತಕ್ಕೆ, ಒಳಗಿನ ಗಾಳಿ ಅಷ್ಟೂ
ಇಪ್ಪತ್ಮೂರು ಸಲ ಹೊರಟುಹೋಗುತ್ತದಂತೆ.
ಅಂದರೆ ನಾಲ್ಕು ಚಳಿಗಾಲ ನಾವು ಕಾಯಿಸಿದ್ದು
ಕೋಣೆಯನ್ನಲ್ಲ, ಬೀದಿಯನ್ನು.
ಇಂದುಧರ ಸಮಾಧಾನ ಹೇಳಿದ:
ಎಲ್ಲರ ಮನೆ ದೋಸೆಯೂ ತೂತೇ.
ನಮ್ಮದರಲ್ಲಿ ದೋಸೆ ಎಲ್ಲಿದೆ ತೋರಿಸು, ಎಂದೆ.

ರಾಯಚೂರಿನವಳು ನಾನು. ಬೇಸಿಗೆ ರಾತ್ರಿ
ಮಾಳಿಗೆಯ ಮೇಲೆ ಹಾಸಿಕೊಂಡು, ಒಂದೆಳೆ ಗಾಳಿ
ಬಂದೀತೇ ಎಂದು ಸೆರಗು ಬೀಸುತ್ತ ಕಾದವಳು.
ಗಾಳಿಯನ್ನು ಕಳ್ಳನಂತೆ ಹುಡುಕಿ ಹಿಡಿಯಲು
ದುಡ್ಡು ಕೊಟ್ಟು ಜನ ಕರೆಸಿದ್ದೇನೆಂದರೆ
ಅಲ್ಲಿ ಯಾರೂ ನಂಬಲಿಕ್ಕಿಲ್ಲ.

ಆಮೇಲೆ ಏಳು ಶನಿವಾರ.
ಅಟ್ಟದಲ್ಲಿ ಹೊಟ್ಟೆಯ ಮೇಲೆ ತೆವಳಿ ದಪ್ಪ ಹಾಸು ಹಾಸಿದೆವು,
ಚಿಮಣಿಗೆ ಕುರಿತುಪ್ಪಟದ ಬಿರಡೆ ತುರುಕಿದೆವು.
ಮಲಗುವ ಕೋಣೆಯಲ್ಲಿ ಗೋಡೆಯಡಿಯ ಪಟ್ಟಿ ಕಿತ್ತಾಗ
ಅಲ್ಲಿ ನಮಗಿಂತ ಮೊದಲೇ ಯಾರೋ ಕೈಯಿಟ್ಟಿದ್ದರು:
ಉದ್ದಕ್ಕೂ ಮಡಿಸಿ ಒತ್ತಿದ ಪತ್ರಿಕೆ, ಕುದುರೆ ಜೂಜಿನ ಪುಟ;
ಕೊನೆಯಲ್ಲಿ, ಕಾಗದ ಸಾಲದೆ ಹೋಯಿತೋ ಏನೋ,
ಕೂಸಿನ ಉಣ್ಣೆ ಕಾಲುಚೀಲ. ಒಂದೇ ಒಂದು.
ಹಿಮ್ಮಡಿಗೆ ಬೇರೆ ಬಣ್ಣದ ದಾರದ ಹೊಲಿಗೆ.

ಪಕ್ಕದ ಮನೆಯ ನೋರೀನ್‌ಗೆ ತೋರಿಸಿದೆ.
‘ಪ್ಯಾಸ್ಕೋ ಹೆಂಗಸಿನದಿರಬೇಕು. ಆರು ಮಕ್ಕಳು’ ಎಂದಳು.
ಸ್ವಲ್ಪ ತಡೆದು, ‘ಏಳು ಅಂತಲೂ ಹೇಳುತ್ತಿದ್ದರು.’

ಡ್ಯಾರಿಲ್ ಮತ್ತೆ ಬಂದ. ಇಪ್ಪತ್ಮೂರು ಒಂಬತ್ತಕ್ಕಿಳಿದಿತ್ತು.
‘ಹಳೆಮನೆಗೆ ಇಷ್ಟು ಸಾಕು. ಬಚ್ಚಲಿಗೊಂದು ಫ್ಯಾನು ಹಾಕಿಸಿ,
ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ’ ಎಂದು ರಸೀತಿ ಹರಿದ.

ಕಾಲುಚೀಲ ಒಗೆದು ನಡುಮನೆಯ ದಾರಕ್ಕೆ ಹಾಕಿದ್ದೇನೆ.
ಹೊರಗೆ ನೀಲಗಿರಿ ಮರ ತಲೆ ಕೆದರಿಕೊಂಡು ಕೂಗುತ್ತಿದೆ.
ಮೊದಲಾಗಿದ್ದರೆ ಆ ದಾರದ ಮೇಲಿನ ಬಟ್ಟೆ
ಯಾರೋ ತೊಟ್ಟು ನಡೆದ ಹಾಗೆ ಅಲುಗುತ್ತಿತ್ತು.
ಈಗ ಅಲುಗುವುದಿಲ್ಲ.
ಎರಡು ದಿನವಾಯಿತು,
ಇನ್ನೂ ಒಣಗಿಲ್ಲ.