ಬಂಬೂ ಬಜಾರಿನಲ್ಲಿ, ಬಾಡಿಗೆಗೆ

ಎಷ್ಟಡಿ ಬೇಕು ಅಂದರೆ ಆಕಾಶ ನೋಡ್ತೀಯಲ್ಲಪ್ಪ,
ಗೋಡೆ ಅಳೆದು ಬಂದಿದ್ದೀಯೋ ಇಲ್ಲವೋ?
ಬಾ ಒಳಗೆ. ತಲೆ ಬಗ್ಗಿಸು, ಮೊರ ತೂಗುಹಾಕಿದ್ದೀನಿ.

ಇದು ಹದಿನಾಲ್ಕಡಿ. ಕಾಕನಕೋಟೆ ಕಡೆಯ ಬಿದಿರು,
ನಮ್ಮಪ್ಪ ಕೇತಪ್ಪ ಗೆಣ್ಣು ಗೆಣ್ಣಿಗೂ ಕಿವಿಯಿಟ್ಟು ಆರಿಸಿದ್ದು.
ತಟ್ಟಿದರೆ ಟಣ್ ಅನ್ನಬೇಕು.
ಡಬ್ ಅಂದರೆ ಒಳಗೆ ಹುಳ ಸಂಸಾರ ಹೂಡಿದೆ ಅಂತ.
ಇಲ್ಲ, ಬಣ್ಣ ಬಳಿದಿಲ್ಲ. ಬಳಿಯೋದೂ ಇಲ್ಲ.
ಬಣ್ಣ ಬಿರುಕು ಮುಚ್ಚುತ್ತೆ;
ಮುಚ್ಚಿದ ಬಿರುಕು ನೀನು ಮೇಲೆ ಹೋದಮೇಲೇ ಬಾಯಿ ಬಿಡೋದು.
ವರ್ಷಕ್ಕೊಂದು ಸಲ ಎಣ್ಣೆ ತಿಕ್ಕಿದರೆ
ಅಷ್ಟೇ ಇದರ ಸಿಂಗಾರ.

ಆ ಮೂಲೆಯದ್ದು ಮುಟ್ಟಬೇಡ,
ಒಂದೇ ಗಳ, ಅಕ್ಕಪಕ್ಕ ಕಾಲಿಡೋಕೆ ಗೂಟ.
ವೀಳ್ಯದೆಲೆ ತೋಟದವರದ್ದು, ರಿಪೇರಿಗೆ ಬಂದಿದೆ.
ಬಳ್ಳಿ ಸಾಲಿನೊಳಗೆ ಎರಡು ಗಳದ್ದು ನುಗ್ಗಲ್ಲ.
ಅದನ್ನು ಹತ್ತೋರಿಗೆ ಹೆಬ್ಬೆರಳೂ ಒಂದು ಕೈ.
ನಿನ್ನ ಬೆರಳು ಶೂ ಒಳಗೆ ಬೆಳೆದಿದ್ದು, ಬೇಡ.

ಅಲ್ಯೂಮಿನಿಯಂ? ಇದೆ. ತಂಗಿ ಮಗಳು ಹಠ ಮಾಡಿ ತರಿಸಿದಳು.
ಎಳೆದರೆ ಇಪ್ಪತ್ತು, ಇಳಿಸಿದರೆ ಹನ್ನೊಂದು.
ಕೊಕ್ಕೆ ಎರಡೂ ಕಟಕ್ ಅಂದಿದ್ದು ಕಿವಿಗೆ ಬೀಳಲಿ, ಆಮೇಲೆ ಕಾಲಿಡು.
ನಿಮ್ಮ ಗೋಡೆ ಮುಂದೆ ಕರೆಂಟ್ ತಂತಿ ಹೋಗುತ್ತಾ?
ಹಾಗಾದರೆ ಕೊಡಲ್ಲ, ಸಾವಿರ ಇಟ್ಟರೂ ಕೊಡಲ್ಲ.
ತಂತಿಗೂ ಇದಕ್ಕೂ ಮೊದಲಿಂದ ಸಲಿಗೆ,
ನಡುವೆ ನೀನ್ಯಾಕೆ?

ಮಡಚೋದಕ್ಕೆ ಗೋಡೆಯ ಹಂಗಿಲ್ಲ,
ತನ್ನ ಕಾಲ ಮೇಲೆ ತಾನು ನಿಲ್ಲುತ್ತೆ.
ಜನ ಬಿಡಬೇಕಲ್ಲ! ಅರ್ಧ ತೆರೆದು ಒರಗಿಸಿಬಿಡ್ತಾರೆ.

ಏನು ಕೆಲಸ, ಬೋರ್ಡಾ? ನಿನ್ನದೇ ಅಂಗಡೀನಾ?
ಮಿಕ್ಸಿ ರಿಪೇರಿ, ಲಷ್ಕರ್ ಮೊಹಲ್ಲಾ.
ಹೆಸರು ಹೇಳು, ಬರ್ಕೊತೀನಿ.
ಪುಟ್ಟಬುದ್ಧಿ. ತಾತನ ಹೆಸರೇ ಇರಬೇಕು.
ಸರಿ ಪುಟ್ಟಬುದ್ಧಿ, ಬಿದಿರಿನದೇ ಹೊರು, ಅದನ್ನೂ ತಂತಿಗೆ ತಾಗಿಸಬೇಡ.
ನಾಲ್ಕು ಮೊಳ ಮೇಲೆ ಹೋದರೆ ಬುಡ ಒಂದು ಮೊಳ ಈಚೆಗೆ.
ಬುಡಕ್ಕೆ ಬೆರಳು ತಾಗಿಸಿ ನಿಂತು ಕೈ ಚಾಚು:
ಅಂಗೈ ಮೆಟ್ಟಿಲ ಮೇಲೆ ಕೂತರೆ ಓರೆ ಸರಿಯಿದೆ.
ಹೊಕ್ಕುಳು ಎರಡು ಗಳದ ನಡುವೆಯೇ ಇರಲಿ.
ಕೊನೆಯ ಅಕ್ಷರ ಎಟುಕದಿದ್ದರೆ
ಇಳಿ, ಸರಿಸು, ಮತ್ತೆ ಹತ್ತು.
ವಾಲಿದೋರನ್ನೆಲ್ಲ ದೊಡ್ಡಾಸ್ಪತ್ರೆಯ ಜಗಲಿಯಲ್ಲಿ ನೋಡಿದ್ದೀನಿ,
ಒಬ್ಬನ ಕೈಯಲ್ಲಿ ಇನ್ನೂ ಕುಂಚ ಇತ್ತು.
ಎರಡು ಕೈ ಎರಡು ಕಾಲಲ್ಲಿ
ಮೂರು ಯಾವಾಗಲೂ ಏಣಿಯವು.
ಒಂದು ಮಾತ್ರ ನಿನ್ನದು.

ಅಪ್ಪ ಈ ಊರಿನ ಎಷ್ಟೋ ಮಹಡಿಗಳ ನೆತ್ತಿ ನೋಡಿದೋರು.
ಬಿದ್ದದ್ದು ಕಟ್ಟಕಡೆಯ ಮೆಟ್ಟಿಲಿಂದ.
ನೆಲ ಬಂತು ಅಂದ್ಕೊಂಡರು.
ಬಂದಿರಲಿಲ್ಲ.
ಗೇಣು ಮೇಲೊಂದಿಷ್ಟು, ಅಷ್ಟೇ ಎತ್ತರ.
ಸೊಂಟ ಮುರಿದು ಆರು ವರ್ಷ ಇದೇ ಸ್ಟೂಲಿನ ಮೇಲೆ ಕೂತು
ಬಂದ ಬಂದೋರಿಗೆಲ್ಲ ಹೇಳಿದರು:
ಹತ್ತೋವಾಗ ಎಣಿಸದಿದ್ದರೂ ನಡೆಯುತ್ತೆ,
ಇಳಿಯೋವಾಗ ಎಣಿಸಿ.

ಇನ್ನೊಂದು. ಕೆಲಸ ಮುಗಿಸಿ ಬೀದಿಯಲ್ಲಿ ಮಲಗಿಸಿ ಹೋಗಬೇಡ.
ನಾವು ಮೇದರು, ಎರಡನ್ನೂ ಕಟ್ಟೋ ಕೈ ಇದು.
ನಿಲ್ಲಿಸಿದರೆ ಏಣಿ, ಮಲಗಿಸಿದರೆ ಚಟ್ಟ.
ಅದೇ ಬಿದಿರು, ಅದೇ ಹುರಿ.
ಗಂಟು ಬೇರೆ:
ಏಣಿಯದು ನಾಳೆಗೂ ಇರಬೇಕು.

ಕೆಳಗೆ ಹಿಡಿಯೋರು ಯಾರು?
ಯಾರೂ ಇಲ್ವಾ.
ಹೂಂ.

ತಡಿ, ಬಾಗಿಲು ಎಳೀತೀನಿ, ಚಪ್ಪಲಿ ಎಲ್ಲಿ ಬಿಟ್ಟೆ...
ಏಣಿಗೆ ದಿನಕ್ಕೆ ಎಂಬತ್ತು, ಹಿಡಿಯೋಕೆ ನೂರು.
ನಗಬೇಡ, ಅದಕ್ಕಿಂತ ನಾನು ಗಟ್ಟಿ.
ಆ ಕೆಂಪು ಬಟ್ಟೆ ಬಾಲಕ್ಕೆ ಕಟ್ಟು,
ಆಟೋದವರಿಗೆ ಕಾಣಲಿ.
ಮುಂದೆ ನೀನು, ಹಿಂದೆ ನಾನು.
ಅದಕ್ಕೆ ನಾಲ್ಕು ಹೆಗಲು ಬೇಕು,
ಇದಕ್ಕೆ ಎರಡು ಸಾಕು.
ನಡಿ. ಇರು ಇರು,
ಬಸ್ಸು ಹೋಗಲಿ ಮೊದಲು.