ಅರ್ಧ ಟಿಕೆಟ್

ಭದ್ರಾವತಿಯಲ್ಲಿ ಹೊಗೆ ಅಂದರೆ ಸಂಬಳ.
ಏಳನೇ ತಾರೀಕು ಅಪ್ಪ ಕಾಗದದ ಮಿಲ್ಲಿನಿಂದ
ಬಾಯ್ಲರಿನ ಮಸಿ ಹೊತ್ತು ಬಂದರೆ
ಜೇಬಿನಲ್ಲಿ ನಮಗೆ ಬಿಸಿ ಕಡಲೆಯ ಪೊಟ್ಟಣ.
ಈಗ ಆ ಚಿಮಣಿಯ ಬಾಯಲ್ಲಿ ಪಾರಿವಾಳ.
ಹೊಗೆ ನಿಂತದ್ದಕ್ಕೆ ಮನೆಯವರು ಅತ್ತದ್ದನ್ನು
ಕೇಳುತ್ತ ಬೆಳೆದ ಮಕ್ಕಳು ಇವರು,
ಒಂಬತ್ತನೇ ಕ್ಲಾಸು, ಬಿ ಸೆಕ್ಷನ್.

ಇವರಿಗೆ ಹೇಗೆ ಓದಿ ಹೇಳಲಿ
ಇನ್ನೊಂದು ಊರಿನ ಚಿಮಣಿಯನ್ನು?

ರಟ್ಟು ಕಿತ್ತ ಪುಸ್ತಕ, ಯಾರದೋ ಅನುವಾದ.
ಕಾಗದ ನಮ್ಮ ಮಿಲ್ಲಿನದೇ ಇರಬೇಕು,
ಬೆಳಕಿಗೆ ಹಿಡಿದರೆ ಬಿದಿರಿನ ಎಳೆ.
ನಕ್ಷೆಯಲ್ಲಿ ಪೋಲೆಂಡ್ ತೋರಿಸಿದೆ.
ಸತ್ತವರ ಲೆಕ್ಕ ಬೋರ್ಡಿನ ಮೇಲೆ ಬರೆದೆ, ಅರವತ್ತು ಲಕ್ಷ.
ಸೊನ್ನೆ ಎಣಿಸಿ ನೋಟ್‌ಬುಕ್ಕಿಗೆ ಇಳಿಸಿಕೊಂಡರು.
ಯಾರೂ ತಲೆ ಎತ್ತಲಿಲ್ಲ. ನಾನೂ.

ಆಮೇಲೆ ಆ ಪುಟ ಬಂತು.
ರೈಲ್ವೆ ಗುಮಾಸ್ತನೊಬ್ಬ ಲೆಕ್ಕ ಹಾಕುತ್ತಾನೆ,
ದುಂಡು ಅಕ್ಷರ, ಒಂದೂ ಚಿತ್ತಿಲ್ಲ:
ತಲೆಗಿಷ್ಟು, ಮೈಲಿಗಿಷ್ಟು,
ನಾನೂರು ಜನ ದಾಟಿದರೆ ರಿಯಾಯಿತಿ,
ಹತ್ತು ತುಂಬದವರಿಗೆ ಅರ್ಧ,
ಕಂಕುಳ ಕೂಸಿಗೆ ಪುಕ್ಕಟೆ.

ಕೊನೆಯ ಬೆಂಚಿನ ಕಲೈಸೆಲ್ವಿ ಎದ್ದು ನಿಂತಳು.
ಅವಳಪ್ಪ ಗೂಡ್ಸ್ ಶೆಡ್ಡಿನಲ್ಲಿ
ವ್ಯಾಗನ್ನಿನ ನಂಬರು ಬರೆದುಕೊಳ್ಳುವವನು.
"ಬರೋದಕ್ಕೆ ಮಿಸ್?"
ಏನು?
"ವಾಪಸ್ ಬರೋದಕ್ಕೆ ಎಷ್ಟು?"

ಪುಟ ತಿರುವಿದೆ, ಉತ್ತರ ಅಲ್ಲೇ ಇತ್ತು:
ಹೋಗಿಬರುವ ಟಿಕೆಟ್ಟು ಕಾವಲಿನವರಿಗೆ ಮಾತ್ರ.
ಓದಿದೆ. ಫ್ಯಾನಿನ ಸದ್ದು.
ಅವಳು ಕೂರಲಿಲ್ಲ.
"ಬರ್ದೋನಿಗೆ ಗೊತ್ತಿತ್ತಾ ಮಿಸ್?
ಗೊತ್ತಿದ್ದೂ ಅಷ್ಟು ದುಂಡಗೆ ಬರೆದ್ನಾ?"

ಕಳೆದ ಯುಗಾದಿಗೆ ನನ್ನ ಫೋನಿಗೊಂದು ಪಟ್ಟಿ ಬಂದಿತ್ತು,
ಅಚ್ಚುಕಟ್ಟಾಗಿ, ಬೀದಿವಾರು,
ಯಾರ ಅಂಗಡಿಯಲ್ಲಿ ಕೊಳ್ಳಬಾರದು ಅಂತ.
ಒಂಬತ್ತನೆಯದು ನನ್ನ ರವಿಕೆ ಹೊಲಿಯುವ
ಖಲಂದರ್ ಸಾಬರ ಹೆಸರು.
ನಾನು ಯಾರಿಗೂ ಕಳಿಸಲಿಲ್ಲ.
ಕಳಿಸಿದವರಿಗೆ ಒಂದು ಮಾತು ಹೇಳಲೂ ಇಲ್ಲ.
ಅದನ್ನೇ ಇಷ್ಟು ದಿನ
ಒಳ್ಳೆಯತನ ಅಂದುಕೊಂಡಿದ್ದೆ.

ಆ ಊರು ಬೇರೆ, ಈ ಊರು ಬೇರೆ.
ಒಂದು ತಕ್ಕಡಿಗೆ ಹಾಕಬಾರದು, ಬಲ್ಲೆ.
ಆದರೆ ಆ ದುಂಡು ಅಕ್ಷರ
ಎಲ್ಲೋ ನೋಡಿದ ಹಾಗಿದೆ.

ಗಂಟೆ ಹೊಡೆಯಿತು. ಮಕ್ಕಳು ಬುತ್ತಿಗೆ ಓಡಿದರು.
ಕಲೈಸೆಲ್ವಿ ಇನ್ನೂ ನಿಂತೇ ಇದ್ದಾಳೆ.
ಕೂತುಕೋ ಅನ್ನಲು
ನನಗೆ ಬಾಯಿ ಬರಲಿಲ್ಲ.