ಹಗ್ಗ ಕಡಿ ಅಂದವಳು

ಮೀನು ಕೊಯ್ಯುವ ಮೇಜಿನ ಮೇಲೇ ಹರಡಿದ ಥರ್ಲೋ
ಆ ನಾಲ್ಕು ಹಾಳೆ. ಮೂಲೆಗೆ ಆಗಲೇ ಎಣ್ಣೆಯ ಕಲೆ.
“ಇಲ್ಲಿ ನಿನ್ನ ಹೆಸರು ಬರೆದಿದ್ದೇನೆ, ಡೋರ್ಕಸ್.
ನನಗೆ ಬಾಯಿಲ್ಲದ ದಿನ ಡಾಕ್ಟರಿಗೆ ನೀನೇ ನನ್ನ ಬಾಯಿ.”

ನಾನು ಎರೆ ಮಾರುವವಳು. ಹೆರಿಂಗ್ ಮೀನಿಗೆ ಉಪ್ಪು ಬೆರೆಸಿ
ಪೀಪಾಯಿ ತುಂಬುವವಳು.
ಮಗಳಿದ್ದಾಳೆ ಅವನಿಗೆ, ಪೋರ್ಟ್‌ಲ್ಯಾಂಡಿನಲ್ಲಿ ಹಲ್ಲಿನ ವೈದ್ಯೆ;
ಮಗ ಅವನದೇ ದೋಣಿಯಲ್ಲಿ, ದಿನವೂ ಪಕ್ಕದಲ್ಲಿ.
“ಅವರಿರುವಾಗ ನಾನೇಕೆ?”
ಉಪ್ಪಿನ ಮೂಟೆಯ ಮೇಲೆ ಕೂತು ಟೋಪಿ ತಿರುಗಿಸಿದ, ತುಂಬ ಹೊತ್ತು.
“ತೊಂಬತ್ತೊಂದರ ಅಕ್ಟೋಬರ್.”

ನೆನಪಿದೆ. ಹಗ್ಗ ತಳದ ಬಂಡೆಗೆ ಸಿಕ್ಕಿ
ದೋಣಿಯ ಹಿಂಬದಿ ತಗ್ಗಿ, ಅಲೆ ಒಳಗೆ ಬರುತ್ತಿತ್ತು.
ವೈರ್‌ಲೆಸ್ಸಿನಲ್ಲಿ ಅವನು ಬೋನುಗಳ ಲೆಕ್ಕ ಹೇಳುತ್ತಿದ್ದ:
ಹದಿನೆಂಟು, ಎಲ್ಲ ಹೊಸವು.
ಅವನ ಹೆಂಡತಿ ನನ್ನ ಪಕ್ಕ ನಿಂತು
“ಹಿಡಿದುಕೋ, ಹಿಡಿದುಕೋ, ಯಾರಾದರೂ ಬರುತ್ತಾರೆ.”
ಮೈಕು ಕಿತ್ತುಕೊಂಡು ನಾನು ಅಂದದ್ದು ಎರಡೇ ಮಾತು:
ಹಗ್ಗ ಕಡಿ.

“ಒಂದು ವಾರ ನಿನ್ನನ್ನು ಬೈದೆ” ಅಂದ.
“ಮಕ್ಕಳು ಒಳ್ಳೆಯವರು. ಅದೇ ತೊಂದರೆ.
ನಾನು ಸಾಕಿದವರ ಬಾಯಿಗೆ ‘ಸಾಕು’ ಬರುವುದಿಲ್ಲ.”

ಕೇಳಬೇಕಾದ್ದೆಲ್ಲ ಕೇಳಿ
ಬಾಕಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ.
ಉಸಿರಿನ ಯಂತ್ರ? ವಾರ. ಹೆಚ್ಚೆಂದರೆ ಹತ್ತು ದಿನ.
ಮೂಗಿನ ನಳಿಗೆಯಲ್ಲಿ ಊಟ? ಬೇಡ. ಆಮೇಲೆ, ತಡೆದು:
ಮೊಮ್ಮಗಳ ಮದುವೆ ಹತ್ತಿರವಿದ್ದರೆ ಅಲ್ಲಿಯ ತನಕ.
ಮಾತು ಹೋದರೆ? ಹೋಗಲಿ, ನಾನೇನು ಭಾಷಣ ಮಾಡುವವನೇ.
“ಕಿಟಕಿ ತೆರೆ. ಇಳಿತದ ಕೆಸರಿನ ವಾಸನೆಗೆ
ಮೂಗು ಅರಳಿದರೆ ಒಳಗಿದ್ದೇನೆ ಅಂತ ತಿಳಿ.”

ಸಾಕ್ಷಿಗೆ ಇಬ್ಬರು ಬೇಕಂತೆ.
ಡೀಸೆಲ್ ತುಂಬುವ ಹುಡುಗ ಪ್ಯಾಂಟಿಗೆ ಕೈ ಒರೆಸಿಕೊಂಡು ಬಂದ.
ಅಂಚೆಯ ವಿನಿಫ್ರೆಡ್, ಓದದೆ ಸಹಿ ಹಾಕುವವಳಲ್ಲ,
ಪೂರ್ತಿ ಓದಿದಳು, ಕನ್ನಡಕ ಒರೆಸಿದಳು,
ಸಹಿ ಹಾಕಿ “ಮೀನು ನಾತ” ಅಂದಳು.

ಮಗ ಕಟ್ಟೆಯ ತುದಿಯಲ್ಲಿ ಬೋನು ಪೇರಿಸುತ್ತಿದ್ದ.
“ಅವನಿಗೆ ಹೇಳಿದೆಯಾ?”
“ನೀನೇ ಹೇಳು. ಇವತ್ತಿನಿಂದ ನನ್ನ ಬಾಯಿ ನೀನಲ್ಲವೇ.”
“ನಿನಗಿನ್ನೂ ಬಾಯಿದೆ, ಥರ್ಲೋ. ಏಳು. ಹೋಗು.”

ಹೋದ. ಗಾಳಿಗೆ ಒಂದು ಮಾತೂ ಕೇಳಿಸಲಿಲ್ಲ.
ಮಗ ಒಮ್ಮೆ ತಿರುಗಿ ನನ್ನ ಕಡೆ ನೋಡಿದ,
ಕೈಯಲ್ಲಿ ಹಗ್ಗದ ಸುರುಳಿ ಹಾಗೇ ಇತ್ತು.
ನಾನು ಪೀಪಾಯಿಗೆ ಉಪ್ಪು ಸುರಿಯುತ್ತಿದ್ದೆ
ಎಷ್ಟು ಹಾಕಿದೆನೋ, ಲೆಕ್ಕ ತಪ್ಪಿತು.